ಬೆಳವ ಕೂತ ತಟ್ಟೆ

“ಹಕ್ಕಿ ಮೊಟ್ಟೆಗಿರೋ ಮರ್ಯಾದೆ ನಮ್ಮ ಬೆವರಿಗಿಲ್ಲ ಅನ್ನು. ಬಾಯಿ ಬಿಟ್ಟು ಹೇಳ್ಬಿಡು ಕ್ಯಾತಕ್ಕ, ಕೇಳ್ಕಂಡು ಮನೆಗೆ ಹೋಗ್ತೀವಿ.”

“ನಾಲಿಗೆ ಬಿಗಿ ಹಿಡಿ ಹನುಮಕ್ಕ. ಮನೇಲಿ ಬಸುರಿ ಅವಳೆ.”

“ಬಸುರಿ ನಿನ್ನ ಮನೇಲಿ ಮಾತ್ರ ಅವಳಾ? ನಾವೇನು ಆಕಾಶದಿಂದ ಉದುರಿದ್ವಾ? ಆ ಬ್ಯಾಟರಿ ಡಬ್ಬಿ ಮ್ಯಾಲೆ ತೂಗೋದಾದ್ರೆ ನನ್ನ ಕೈಯಿಂದ ಒಂದು ತೊಳೆ ಹುಣಸೆಹಣ್ಣೂ ಸಿಗಲ್ಲ ನಿಂಗೆ. ಮುಳ್ಳು ಕಾಣ್ದೇ ಇರೋ ತೂಕಾನ ನಂಬು ಅಂತೀಯಲ್ಲ, ಹದಿನಾರಾಣೆ ಮೋಸ ಹೋಗೋಕೆ ನಾವೇನು ಇವತ್ತು ಹುಟ್ಟಿದ್ವಾ?”

“ನಾನು ಯಾವತ್ತು ಮೋಸ ಮಾಡಿದೀನಿ? ಹೇಳು. ಇವ್ರ ಮುಂದೇನೇ ಹೇಳು.”

“ನೀನು ಮಾಡಿಲ್ಲ. ಅದಕ್ಕೇ ಹೇಳ್ತಿರೋದು. ಆ ಡಬ್ಬಿ ಎತ್ತಿಡು, ತಕ್ಕಡಿ ಇಳಿಸು.”

ಇಬ್ಬರ ನಡುವೆ, ಜಗಲಿಯ ತೊಲೆಗೆ ನೇತುಬಿದ್ದು ಈ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವನು ನಾನು. ನಾನು ಒಂದು ತಕ್ಕಡಿ. ನನ್ನ ಎಡದ ತಟ್ಟೆಯಲ್ಲಿ ಬೆಳವ ಹಕ್ಕಿಯೊಂದು ಕಾವಿಗೆ ಕೂತಿತ್ತು. ಅಷ್ಟು ಗಲಾಟೆಗೂ ಅದು ಕದಲಲಿಲ್ಲ. ಕಪ್ಪು ಗುಂಡುಸೂಜಿ ತಲೆಯಂಥ ಕಣ್ಣು ಮಾತ್ರ ಹನುಮಕ್ಕನಿಂದ ಕ್ಯಾತಮ್ಮನ ಕಡೆಗೆ, ಕ್ಯಾತಮ್ಮನಿಂದ ಹನುಮಕ್ಕನ ಕಡೆಗೆ ಓಡುತ್ತಿತ್ತು.

ನಾನು ಹುಟ್ಟಿದ್ದು ತುಮಕೂರಿನ ಒಂದು ಕುಲುಮೆಯಲ್ಲಿ. ನನ್ನ ದಂಡವನ್ನು ಕಾಯಿಸಿ ಬಡಿದವನು ಮುಂಗೋಪಿ. ಬಡಿಯುವಾಗ ಕಬ್ಬಿಣಕ್ಕೆ ಬೈಯುತ್ತಿದ್ದ, ಬಡಿದಾದ ಮೇಲೆ ಗಂಟೆಗಟ್ಟಲೆ ಕಣ್ಣು ಕಿರಿದು ಮಾಡಿಕೊಂಡು ನನ್ನ ಮುಳ್ಳನ್ನೇ ನೋಡುತ್ತಿದ್ದ. ಕೂದಲೆಳೆಯಷ್ಟು ಓರೆಯಿದ್ದರೂ ಮತ್ತೆ ಅರ ಹಾಕುತ್ತಿದ್ದ. ಅವನ ಕೋಪ ನನ್ನಲ್ಲೂ ಸ್ವಲ್ಪ ಸೇರಿದೆ ಅಂತ ಕಾಣುತ್ತದೆ. ತೂಗುವ ಕಡೆ ಮುಳ್ಳು ನೋಡದೆ ಮುಖ ನೋಡುವ ಜನರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ.

ಮೊದಲು ನನ್ನನ್ನು ಕೊಂಡವನು ಬೆಲ್ಲದ ಮಂಡಿಯವನು. ಅವನ ಬಗ್ಗೆ ಹೇಳುವುದಕ್ಕೆ ನನಗೆ ಇಷ್ಟವಿಲ್ಲ. ಅಲ್ಲಿಂದ ಊರಿನ ಸೊಸೈಟಿಗೆ ಬಂದೆ. ಅಕ್ಕಿ, ಗೋಧಿ, ಸಕ್ಕರೆ ತೂಗಿದೆ. ಸಾಲಿನಲ್ಲಿ ನಿಂತವರ ಕಣ್ಣುಗಳು ನನ್ನ ಮುಳ್ಳಿಗೆ ಅಂಟಿಕೊಂಡಿರುತ್ತಿದ್ದವು. ಆಮೇಲೆ ಮುಳ್ಳಿಲ್ಲದೆ ಅಂಕಿಯಲ್ಲೇ ತೂಕ ತೋರಿಸುವ ಬ್ಯಾಟರಿಯ ಡಬ್ಬಿಗಳು ಬಂದವು. ನನ್ನ ಜೊತೆಯ ತಕ್ಕಡಿಗಳೆಲ್ಲ ಗುಜರಿಗೆ ಹೋಗಿ ಕರಗಿದವು. ನನ್ನನ್ನೂ ಹಗ್ಗ ಬಿಗಿದು ಗಾಡಿಗೆ ಎಸೆದಿದ್ದರು. ಗಾಡಿ ಹೊರಡುವ ಹೊತ್ತಿಗೆ ಈರಕ್ಯಾತಮ್ಮನ ಗಂಡ ಅಡ್ಡ ಬಂದು ನನ್ನನ್ನು ಇಳಿಸಿಕೊಂಡ. ಹುಣಸೆಹಣ್ಣಿನ ಕೆಲಸಕ್ಕೆ ಬೇಕಿತ್ತು. ಅವನು ಹೆಚ್ಚು ಕಾಲ ಬದುಕಲಿಲ್ಲ. ಹುಣಸೆ ಮರ ಹತ್ತಿ ಕೊಂಬೆ ಅಲ್ಲಾಡಿಸುತ್ತಿದ್ದಾಗ ಬಿದ್ದು ಸತ್ತ. ಆಮೇಲೆ ನನ್ನನ್ನು ಹಿಡಿದವಳು ಅವಳು.

ಊರೆಲ್ಲ ಅವಳನ್ನು ಕ್ಯಾತಮ್ಮ ಎನ್ನುತ್ತಾರೆ. ಗಟ್ಟಿ ಹೆಂಗಸು. ಸಿರಾ ಸೀಮೆಯ ಮರಗಳ ಫಸಲು ಗುತ್ತಿಗೆ ಹಿಡಿದು, ಕಾಯಿ ತಂದು, ಬೀದಿಯ ಹೆಂಗಸರಿಗೆ ಹಂಚುತ್ತಾಳೆ. ಅವರು ಮನೆಯಲ್ಲಿ ಕೂತು ಸಿಪ್ಪೆ ಒಡೆದು, ನಾರು ಸುಲಿದು, ಬೀಜ ಕುಟ್ಟಿ ತೆಗೆದು ಹಣ್ಣು ತಂದು ಕೊಡುತ್ತಾರೆ. ಹಣ್ಣಿನ ತೂಕದ ಮೇಲೆ ಕೂಲಿ. ಹಾಗಾಗಿ ತೂಗುವ ಗಳಿಗೆಯೇ ಆ ಬೀದಿಗೆ ದೊಡ್ಡ ಗಳಿಗೆ. ಕ್ಯಾತಮ್ಮ ನನ್ನ ದಂಡವನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ತಟ್ಟೆ ನಿಲ್ಲುವವರೆಗೆ ಎರಡು ಹೆಜ್ಜೆ ಹಿಂದೆ ಸರಿದು ನಿಂತು, “ನೀವೇ ನೋಡ್ರವ್ವ” ಎನ್ನುತ್ತಿದ್ದಳು. ಅವಳ ಮಾತು ಒರಟು, ಬೈಗುಳ ಧಾರಾಳ, ತೂಕ ಮಾತ್ರ ನೆಟ್ಟಗೆ. ಅವಳ ಮನೆಯಲ್ಲಿ ನನಗೆ ಮಾನ ಬಂತು.

ಅವಳಿಗೆ ಒಬ್ಬಳೇ ಮಗಳು, ದಾಕ್ಷಾಯಿಣಿ. ಪುಟ್ಟವಳಿದ್ದಾಗ ನನ್ನ ಖಾಲಿ ತಟ್ಟೆಯಲ್ಲಿ ಕೂತು ಉಯ್ಯಾಲೆ ಆಡಿ ಅವ್ವನ ಕೈಯಲ್ಲಿ ಏಟು ತಿಂದವಳು. ಓದು ಬರುವ ಮೊದಲೇ ಅವಳಿಗೆ ಮುಳ್ಳು ನೋಡುವುದು ಬಂದಿತ್ತು. ಮದುವೆಯಾಗಿ ಹಿರಿಯೂರಿನ ಕಡೆಗೆ ಹೋದಳು. ಗಂಡ ರಂಗಧಾಮ ಲಾರಿಗಳಿಗೆ ಪಂಕ್ಚರ್ ಹಾಕುವವನು, ಮೆತ್ತಗಿನ ಮನುಷ್ಯ. ಮೊದಲ ಹೆರಿಗೆಗೆ ತವರಿಗೆ ಬಂದಳು. ಕೂಸು ದಕ್ಕಲಿಲ್ಲ. ಆಗ ಈ ಮನೆಯ ಒಳಗೆ ಏನು ನಡೆಯಿತೋ ನನಗೆ ತಿಳಿಯದು. ನಾನು ಜಗಲಿಯವನು. ಅವಳು ವಾಪಸ್ಸು ಹೊರಟ ದಿನ ಕಂಬಕ್ಕೆ ಒರಗಿಕೊಂಡು ಬಹಳ ಹೊತ್ತು ನಿಂತಿದ್ದಳು ಎಂಬುದಷ್ಟೇ ಗೊತ್ತು.

ಈ ಸಲ ಮತ್ತೆ ಬಂದಳು, ತುಂಬಿದ ಹೊಟ್ಟೆ ಹೊತ್ತು. ಬಂದವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಳಗೆ ಹೋಗುವಳು, ಹೊರಗೆ ಬರುವಳು. ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಬಿಗಿಹಿಡಿದು ಕಾಯುವಳು. ಒಳಗಿನದು ಒದ್ದರೆ ಮುಖ ಸಡಿಲವಾಗುತ್ತಿತ್ತು. ಒದೆಯುವುದು ಸ್ವಲ್ಪ ತಡವಾದರೆ, “ಅವ್ವ, ಸುಮ್ಕಿದೆ ಕಣವ್ವ” ಎಂದು ಕೂಗುವಳು.

“ಅದೂ ಮಲಗಬ್ಯಾಡ್ವೇನೆ? ಹೋಗು, ಒಂದು ಲೋಟ ಮಜ್ಜಿಗೆ ಕುಡಿ,” ಎಂದು ಕ್ಯಾತಮ್ಮ ಗದರುತ್ತಿದ್ದಳು. ಗದರಿ, ಮಜ್ಜಿಗೆಯನ್ನು ತಾನೇ ತಂದು ಕೊಡುತ್ತಿದ್ದಳು.

ಅದೇ ಹೊತ್ತಿಗೆ ಬೆಳವಗಳು ಬಂದವು. ಹುಣಸೆ ಹಣ್ಣಾಗುವ ಮುಂಚಿನ ಬಿಡುವಿನ ಕಾಲ ಅದು, ನನ್ನನ್ನು ತೊಲೆಗೆ ಎತ್ತಿ ಕಟ್ಟಿದ್ದರು. ಗಂಡು ಒಂದೊಂದೇ ಕಡ್ಡಿ ತಂದು ಹೆಣ್ಣಿಗೆ ಕೊಡುವುದು, ಹೆಣ್ಣು ಅದನ್ನು ಮೈ ಕೆಳಗೆ ತುರುಕಿಕೊಳ್ಳುವುದು. ಅದನ್ನು ಗೂಡು ಅನ್ನಬೇಕಾದರೆ ದೊಡ್ಡ ಮನಸ್ಸು ಬೇಕು. ಹತ್ತಿಪ್ಪತ್ತು ಕಡ್ಡಿಗಳ ಚೆಲ್ಲಾಪಿಲ್ಲಿ, ಅಷ್ಟೆ. ಅದರ ಮೇಲೆ ಎರಡು ಬಿಳಿ ಮೊಟ್ಟೆ. ಎಷ್ಟೋ ಮೂಟೆ ಹೊತ್ತ ನನಗೆ ಆ ಎರಡು ಮೊಟ್ಟೆಯ ಭಾರ ಗೊತ್ತಾಯಿತು ಎಂದರೆ ನೀವು ನಗಬಹುದು. ನಕ್ಕರೆ ನಗಿ. ಗೊತ್ತಾಯಿತು.

ಬಸುರಿ ಇರುವ ಮನೆಯಲ್ಲಿ ಗೂಡು ಕೀಳಬಾರದು. ಕಣಜದ ಗೂಡಾದರೂ ಸರಿ, ಹೆರಿಗೆ ಆಗುವವರೆಗೆ ಮುಟ್ಟುವ ಹಾಗಿಲ್ಲ. ಆ ಕಡೆಯ ಜನ ಇದನ್ನು ಬಿಡದೆ ನಡೆಸುತ್ತಾರೆ. ಮೊದಲು ಹೇಳಿದವಳೂ ಕ್ಯಾತಮ್ಮನೇ. ಮಗಳ ತಲೆಯ ಮೇಲೆ ಕೈಯಿಟ್ಟು, “ನಿನ್ನ ಹೆರಿಗೆ ಆಗೋಗಂಟ ಇದನ್ನ ಯಾರೂ ಮುಟ್ಟಂಗಿಲ್ಲ. ನಾನೂ ಮುಟ್ಟಲ್ಲ” ಎಂದಳು. ಅಂದಿನಿಂದ ದಾಕ್ಷಿಗೆ ಕೂರಲು ಒಂದು ಜಾಗ ಸಿಕ್ಕಿತು, ನನ್ನ ಕೆಳಗಿನ ಜಗಲಿ. ಹಗಲೆಲ್ಲ ಗಂಡು ಕೂರುತ್ತದೆ, ಸಂಜೆಗೆ ಹೆಣ್ಣು ಬಂದು ಪಾಳಿ ತೆಗೆದುಕೊಳ್ಳುತ್ತದೆ ಎಂದು ಅವಳು ಕಂಡುಕೊಂಡಳು. ಗಂಡನಿಗೆ ಫೋನಿನಲ್ಲಿ, “ಇದನ್ನ ನೋಡಿ ಕಲ್ತ್ಕಳಿ, ಹಗಲು ಪಾಳಿ ನಿಮ್ದೇ” ಎಂದು ನಕ್ಕಳು. ಅವಳು ನಕ್ಕಿದ್ದನ್ನು ಒಳಗಿಂದ ಕೇಳಿ ಕ್ಯಾತಮ್ಮ ಒಲೆಯ ಮುಂದೆ ಸುಮ್ಮನೆ ಕೂತುಬಿಟ್ಟಳು.

ಹಕ್ಕಿ ಹಾರಿದಾಗ, ಕೂತಾಗ ನನ್ನ ತಟ್ಟೆ ತೂಗಾಡುತ್ತಿತ್ತು. ಮೊಟ್ಟೆ ಉರುಳೀತು ಎಂದು ದಾಕ್ಷಿಗೆ ದಿಗಿಲು. ಜಗಲಿಯ ಕಟ್ಟೆಯ ಮೇಲೆ ನಿಂತು ಬಲದ ತಟ್ಟೆಗೆ ಒಂದೊಂದೇ ಹುಣಸೆ ಬೀಜ ಹಾಕಿದಳು. ಮುಳ್ಳು ನೆಟ್ಟಗೆ ನಿಂತ ಕೂಡಲೇ ಕೈ ತೆಗೆದಳು. ಹಕ್ಕಿ ಒಂದು ಕಡೆ, ಬೀಜ ಒಂದು ಕಡೆ. ಹಾಗೆ ಸಮವಾಗಿ ನಿಂತಿದ್ದಾಗ ನನಗೆ ಹಾಯೆನಿಸುತ್ತಿತ್ತು. ಅವಳು ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ನನ್ನ ಮುಳ್ಳು ನೋಡುತ್ತಿದ್ದಳು.

ಆಮೇಲೆ ಹುಣಸೆ ಬಂತು. ಬೀದಿಯಲ್ಲೆಲ್ಲ ಕುಟ್ಟುವ ಸದ್ದು, ಹುಳಿ ವಾಸನೆ. ಕ್ಯಾತಮ್ಮ ಪೇಟೆಯಿಂದ ಬ್ಯಾಟರಿ ಡಬ್ಬಿ ತಂದಳು. ಬೇರೆ ಕಬ್ಬಿಣದ ತಕ್ಕಡಿ ಸುತ್ತಲ ಹಳ್ಳಿಗಳಲ್ಲಿ ಎಲ್ಲೂ ಉಳಿದಿರಲಿಲ್ಲ. ಹೆಂಗಸರು ಡಬ್ಬಿಯನ್ನು ಒಪ್ಪಲಿಲ್ಲ. ಆ ಜಗಳವನ್ನೇ ನಾನು ಮೊದಲಿಗೆ ಹೇಳಿದ್ದು. ಅವತ್ತು ಹನುಮಕ್ಕ ತನ್ನ ಹಣ್ಣಿನ ಬುಟ್ಟಿಯನ್ನು ವಾಪಸ್ಸು ಹೊತ್ತುಕೊಂಡು ಹೋದಳು, ಹಿಂದೆಯೇ ಮಿಕ್ಕವರೂ ಹೋದರು. ಕುಟ್ಟುವ ಸದ್ದು ನಿಂತಿತು. ಕ್ಯಾತಮ್ಮನ ಹಟ್ಟಿಯಲ್ಲಿ ಕಾಯಿಯ ರಾಶಿ ಹಾಗೇ ಬಿದ್ದಿತ್ತು. ಮೋಡ ಕಟ್ಟಿದರೆ ಹುಣಸೆ ಕಪ್ಪಾಗುತ್ತದೆ, ಕಪ್ಪಾದರೆ ಯಾರೂ ಮೂಸುವುದಿಲ್ಲ. ಅವಳು ದಿನಕ್ಕೆ ಹತ್ತು ಸಲ ಆಕಾಶ ನೋಡಿದಳು, ಹತ್ತು ಸಲ ನನ್ನನ್ನು ನೋಡಿದಳು.

ದಾಕ್ಷಿಯನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಬರಹೇಳಿದ್ದರು. ಹೋದ ಸಲ ಹಾಗಾಗಿದ್ದರಿಂದ ಡಾಕ್ಟರಮ್ಮನ ಕಟ್ಟುನಿಟ್ಟು. ಪಕ್ಕದ ಮನೆಯ ಮುದುಕಿಯನ್ನು ಜೊತೆ ಮಾಡಿ ಅವಳನ್ನು ಆಟೋ ಹತ್ತಿಸಿ ಬಂದ ಕ್ಯಾತಮ್ಮ ನೇರ ಹನುಮಕ್ಕನ ಬಾಗಿಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಬುಟ್ಟಿ ಹೊತ್ತು ಬಂದರು.

“ದಾಕ್ಷಿ ಕಿವಿಗೆ ಬಿದ್ರೆ ನೋಡಿ, ಒಬ್ಬೊಬ್ಬರ ನಾಲಿಗೇನೂ ಸೀಳ್ತೀನಿ,” ಎಂದಳು ಕ್ಯಾತಮ್ಮ.

“ನಮಗ್ಯಾಕಕ್ಕ? ಬ್ಯಾಗ ತೂಗು,” ಎಂದಳು ಹನುಮಕ್ಕ.

ಬೆಳವ ಹಾರಿ ಎದುರಿನ ಹೊಂಗೆ ಮರಕ್ಕೆ ಹೋಯಿತು. ಕ್ಯಾತಮ್ಮ ಗೂಡಿನ ಕೆಳಗೆ ಮೊರ ತೂರಿಸಿ, ಒಂದು ಕಡ್ಡಿಯೂ ಅಲುಗದಂತೆ ಎತ್ತಿ ಒಳಗಿಟ್ಟಳು. ಬೀಜಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ನನ್ನನ್ನು ಇಳಿಸಿ ತೂಗಿದರು. ತೂಗಿ, ತೊಳೆದು, ಎತ್ತಿ ಕಟ್ಟಿ, ಗೂಡನ್ನು ಇದ್ದ ಹಾಗೇ ಇಟ್ಟರು. ಬೀಜಗಳನ್ನೂ ಹಾಕಿದರು. ಹಕ್ಕಿ ಬಹಳ ಹೊತ್ತು ಮರದಲ್ಲೇ ಕೂತು ನೋಡಿತು. ಕೊನೆಗೆ ಬಂದು ಮೈ ಅರಳಿಸಿ ಕೂತಿತು. ಸಂಜೆ ಬಂದ ದಾಕ್ಷಿಗೆ ಏನೂ ತಿಳಿಯಲಿಲ್ಲ. ಮೂಲೆಯಲ್ಲಿದ್ದ ಡಬ್ಬಿಯನ್ನು ತೋರಿಸಿ, “ಒಪ್ಕಂಡ್ರಾ ಇದನ್ನ?” ಎಂದು ಕೇಳಿದಳು.

“ಒಪ್ಪದೆ ಎಲ್ಲಿಗೆ ಹೋಗ್ತಾರೆ,” ಎಂದಳು ಅವ್ವ.

ಮುಂದಿನ ಆಸ್ಪತ್ರೆಯ ದಿನವೂ ಹೀಗೇ ಆಯಿತು. ಆದರೆ ಅವತ್ತು ಹಣ್ಣು ಹೆಚ್ಚಿತ್ತು, ಹೊತ್ತು ಮೀರಿತು. ದೂರದಲ್ಲಿ ಆಟೋ ಸದ್ದು ಕೇಳಿದ ಹಾಗಾಗಿ ಕ್ಯಾತಮ್ಮ ಅವಸರದಲ್ಲಿ ಮೊರ ಎತ್ತಿದಳು. ಮೊರ ಓರೆಯಾಯಿತು. ಒಂದು ಮೊಟ್ಟೆ ಉರುಳಿ ಚಪ್ಪಡಿಯ ಮೇಲೆ ಬಿತ್ತು. ಅದರೊಳಗೆ ಆಗಲೇ ಜೀವ ಮೂಡಿತ್ತು.

ಬಂದದ್ದು ಬೇರೆ ಯಾರದೋ ಆಟೋ, ಹಾಗೇ ಮುಂದಕ್ಕೆ ಹೋಯಿತು.

ಹನುಮಕ್ಕ ತಾನೇ ಮಣ್ಣು ತಂದು ಅದರ ಮೇಲೆ ಹಾಕಿದಳು. “ಹೇಳ್ಬಿಡು ಕ್ಯಾತಕ್ಕ. ಜಾರಿ ಬಿತ್ತು ಅನ್ನು. ನಾನೇ ಬೀಳಿಸ್ದೆ ಅಂತ ಬೇಕಾದ್ರೂ ಹೇಳು. ಬೈಸ್ಕತೀನಿ.”

“ಹೇಳಿದ್ರೆ ಅವಳು ಉಳೀತಾಳೇನೆ? ಹೋದ ಸಲ ನೋಡಿಲ್ವಾ ನೀನು?”

“ನೋಡಿದೀನಿ. ಅದಕ್ಕೇ ಹೇಳ್ತಿರೋದು.”

ಕ್ಯಾತಮ್ಮ ಕೇಳಲಿಲ್ಲ. ಅಂಗಳದ ಮೂಲೆಗೆ ಹೋಗಿ ಕೂತು ಬೆಣಚುಕಲ್ಲು ಹುಡುಕಿದಳು. ಒಂದನ್ನು ಅಂಗೈಯಲ್ಲಿಟ್ಟು ನೋಡಿ ಎಸೆದಳು, ಇನ್ನೊಂದನ್ನು ಎಸೆದಳು. ಬಿಳಿಯದು, ನುಣುಪಾದದ್ದು, ಮೊಟ್ಟೆಯಷ್ಟೇ ಇರುವುದು ಒಂದು ಸಿಕ್ಕಿತು. ತೊಳೆದು ಸೆರಗಿನಲ್ಲಿ ಒರೆಸಿ ಗೂಡಿನಲ್ಲಿಟ್ಟಳು. ನಾನು ಆ ಭಾರಕ್ಕೆ ಬಾಗಿದೆ. ಬೇರೆ ಏನು ಮಾಡಲಿ? ಅವಳು ನನ್ನ ಮುಳ್ಳು ನೋಡಲಿಲ್ಲ. ಅಷ್ಟು ವರ್ಷಗಳಲ್ಲಿ ಅವಳು ನನ್ನ ಮುಳ್ಳು ನೋಡದೆ ಒಳಗೆ ಹೋದದ್ದು ಅವತ್ತೇ.

ಹಕ್ಕಿ ಬಂತು. ಕೊಕ್ಕಿನಿಂದ ಕಲ್ಲನ್ನು ಒಮ್ಮೆ ತಿರುವಿತು. ಎದೆಯ ಕೆಳಗೆ ಎಳೆದುಕೊಂಡು ಕೂತಿತು.

ಸಂಜೆ ದಾಕ್ಷಿ ಬಂದು ನನ್ನತ್ತ ನೋಡಿದಳು, ನಿಂತಳು. “ಅವ್ವ, ಮುಳ್ಳು ವಾಲೈತಲ್ಲ.”

“ಗಾಳಿಗಿರಬೇಕು.”

“ಗಾಳಿ ಎಲ್ಲೈತೆ?”

“ಹಂಗಾದ್ರೆ ಹಕ್ಕಿ ಮೇದು ಬಂದೈತೆ. ಹೊಟ್ಟೆ ಭಾರ.”

ದಾಕ್ಷಿ ಕಟ್ಟೆ ಹತ್ತಿ ಬೀಜ ಹಾಕಿದಳು. ಮುಳ್ಳು ನೆಟ್ಟಗಾಗಲು ಹಿಡಿ ಬೀಜವೇ ಬೇಕಾಯಿತು. ಹಾಕುತ್ತ ಹಾಕುತ್ತ ಅವಳ ಕೈ ನಿಧಾನವಾಯಿತು. ಹಕ್ಕಿಯ ಬಾಲದ ಪಕ್ಕದಲ್ಲಿ ಬಿಳಿಯದು ಕಂಡು ಸಮಾಧಾನ ಪಟ್ಟುಕೊಂಡು ಇಳಿದಳು. ಮಾರನೆಯ ದಿನ ಬೇಕೆಂದೇ ಹಕ್ಕಿ ಹಸಿದಿರುವ ಹೊತ್ತು ನೋಡಿ ಬಂದಳು. ಮುಳ್ಳು ಕದಲಿರಲಿಲ್ಲ. ಏನನ್ನೋ ಕೇಳಬೇಕೆಂದು ಅಡುಗೆಮನೆಯ ಬಾಗಿಲವರೆಗೆ ಹೋಗಿ ವಾಪಸ್ಸು ಬಂದಳು.

ಕೆಲವು ದಿನ ಕಳೆದು ಒಂದು ಮರಿ ಒಡೆದು ಬಂತು. ಬೋಳು ಮೈ, ಮೈಮೇಲೆ ಹಳದಿ ನವಿರು, ಮುಚ್ಚಿದ ಕಣ್ಣು. ನೋಡುವುದಕ್ಕೆ ಚೆಂದವಿರಲಿಲ್ಲ. ದಾಕ್ಷಿ ಬೀದಿಗೆಲ್ಲ ಕೂಗಿ ಹೇಳಿದಳು. ತಾಯಿ ತಂದೆ ಎರಡೂ ಅದರ ಬಾಯಿಗೆ ಬಾಯಿಟ್ಟು ಉಣಿಸುವುದನ್ನು ಅವಳು ಊಟ ಮರೆತು ನೋಡಿದಳು. ಹನುಮಕ್ಕ ಬಂದು ಇಣುಕಿ, ಏನೋ ಹೇಳಲು ಬಾಯಿ ತೆರೆದು, ಕ್ಯಾತಮ್ಮನ ಮುಖ ನೋಡಿ ಮುಚ್ಚಿಕೊಂಡು ಹೋದಳು.

ಆಮೇಲೆ ಶುರುವಾಯಿತು ಕಾಯುವುದು. ಇನ್ನೊಂದು ಇವತ್ತು ಒಡೆದೀತು, ನಾಳೆ ಒಡೆದೀತು. ದಾಕ್ಷಿಗೆ ನಿದ್ದೆ ಹತ್ತದು, ಅನ್ನ ಸೇರದು. ಹೊಟ್ಟೆ ಹಿಡಿದುಕೊಂಡು ಜಗಲಿಯ ಉದ್ದಕ್ಕೂ ಅಡ್ಡಾಡುವಳು.

“ಒಂದೇ ಯಾಕವ್ವ ಬಂತು?”

“ಕೆಲವು ತಡ ಆಗ್ತವೆ ಕಣಮ್ಮಿ.”

“ಒಳಗೇ ಸತ್ತಿದ್ರೆ?”

“ಸುಮ್ನಿರು. ಮಲಗಿರ್ತದೆ.”

ಆ ಮಾತಿಗೆ ದಾಕ್ಷಿ ಅಡ್ಡಾಡುವುದನ್ನು ನಿಲ್ಲಿಸಿದಳು. ತಿರುಗಿ ಅವ್ವನನ್ನು ದಿಟ್ಟಿಸಿದಳು. ಕ್ಯಾತಮ್ಮ ಮೊರದಲ್ಲಿದ್ದ ಹಣ್ಣನ್ನು ಕೆದಕುತ್ತ ತಲೆ ಎತ್ತಲಿಲ್ಲ. ನನಗೆ ಬಾಯಿಯಿಲ್ಲ ಎಂದು ಅವತ್ತು ಮೈಯೆಲ್ಲ ಉರಿಯಿತು. ಹೇಳೇ ಹೆಂಗಸೇ, ಈಗಲಾದರೂ ಹೇಳು ಎಂದು ಕೂಗಬೇಕೆನಿಸಿತು. ಇಂಥ ಹೊತ್ತಿನಲ್ಲಿ ಕಬ್ಬಿಣ ಕಿರುಗುಟ್ಟುವುದೂ ಇಲ್ಲ.

ಮರಿಗೆ ಪುಕ್ಕ ಮೂಡಿತು. ತಾಯಿ ತಂದೆ ಎರಡೂ ಒಟ್ಟಿಗೆ ಮೇವಿಗೆ ಹೋಗುವಷ್ಟು ಅದು ಬೆಳೆದಿತ್ತು. ಒಂದು ಬೆಳಿಗ್ಗೆ ಅವೆರಡೂ ಹಾರಿಹೋದದ್ದನ್ನು ನೋಡಿ ದಾಕ್ಷಿ ಕಟ್ಟೆ ಹತ್ತಿದಳು. ಗೂಡಿಗೆ ಕೈ ಹಾಕಿ ಬಿಳಿಯದನ್ನು ತೆಗೆದಳು. ಅಂಗೈಯಲ್ಲಿಟ್ಟುಕೊಂಡಳು. ತೂಕದ ಮನೆಯಲ್ಲಿ ಬೆಳೆದವಳು, ಮತ್ತೆ ನೋಡಬೇಕಾಗಿರಲಿಲ್ಲ.

ಇಳಿದು ಬಂದು ಕಲ್ಲನ್ನು ಅವ್ವನ ಮುಂದಿನ ಮೊರದಲ್ಲಿಟ್ಟಳು.

ಕ್ಯಾತಮ್ಮನ ಕೈ ನಿಂತಿತು. “ಹೇಳೋಣ ಅಂತಿದ್ದೆ,” ಎಂದಳು.

“ಯಾವತ್ತು?”

“ಕೈ ಜಾರ್ತು ಕಣೆ. ಕಾಯಿ ಎಲ್ಲ ಕಪ್ಪಾಗ್ತಿತ್ತು. ಇವ್ರು ಒಬ್ರೂ ಕೆಲ್ಸ ಮುಟ್ಟಲಿಲ್ಲ. ಹಿಂಗೆ ಎತ್ತಿ ಹಂಗೆ ಇಡೋಣ ಅಂತ ಮಾಡ್ದೆ.”

“ಬೀದಿಗೆಲ್ಲ ಗೊತ್ತಿತ್ತು ಅನ್ನು.”

ಕ್ಯಾತಮ್ಮ ಕಲ್ಲನ್ನು ಮೊರದ ಅಂಚಿಗೆ ಸರಿಸಿದಳು.

“ಮೊಟ್ಟೆ ಒಡೀತು ಅಂದಿದ್ರೆ ಒಂದು ಹೊತ್ತು ಅಳ್ತಿದ್ದೆ. ಎಷ್ಟೋ ಮೊಟ್ಟೆ ಒಡೀತವೆ. ನಂಗದು ಗೊತ್ತಿಲ್ವೇನವ್ವ?”

“ನಿನ್ನ ಮನಸ್ಸು ನೋಯಬಾರ್ದು ಅಂತ...”

“ಹೋದ ಸಲಾನೂ ಹಿಂಗೇ ಅಂದೆ.” ದಾಕ್ಷಿಯ ದನಿ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. “ಆಸ್ಪತ್ರೇಲಿ. ಮಗು ಗಾಜಿನ ಪೆಟ್ಟಿಗೇಲಿ ಐತೆ, ಮಲಗೈತೆ ಅಂದೆ. ಎದೆ ಹಾಲು ಹಿಂಡಿ ಲೋಟದಲ್ಲಿ ನಿನ್ನ ಕೈಗೆ ಕೊಟ್ಟೆ. ತಗಂಡು ಹೋದೆ. ಕುಡೀತು ಅಂತ ಬಂದು ಹೇಳ್ದೆ. ಆ ಹೊತ್ತಿಗೆ ಮಣ್ಣು ಮಾಡಿ ಬಂದಿದ್ರಿ. ಆ ಹಾಲು ಎಲ್ಲಿ ಚೆಲ್ಲಿದೆ ಅವ್ವ? ಇವತ್ತಿನ ಗಂಟ ಕೇಳಿರ್ಲಿಲ್ಲ ನಾನು.”

“ಡಾಕ್ಟ್ರು ಹೇಳಿದ್ರು ಕಣವ್ವ, ನಿನ್ನ ಜೀವಕ್ಕೆ ಆಗಬಾರದು ಅಂತ...”

“ಡಾಕ್ಟ್ರು ಕುಡೀತು ಅಂತ ಹೇಳು ಅಂದಿದ್ರಾ?”

ಕ್ಯಾತಮ್ಮನಿಗೆ ಕೋಪ ಬಂತು. ಮಾತು ಸಾಲದೆ ಹೋದಾಗ ಅವಳಿಗೆ ಬರುವುದು ಅದೊಂದೇ. “ಹೆತ್ತವಳು ಕಣೆ ನಾನು. ನೀನು ಉಳೀಲಿ ಅಂತ ಹೇಳ್ದೆ. ತಪ್ಪಾ? ಹಂಗಾದ್ರೆ ಹೋಗು, ನಿಜ ಹೇಳೋರ ಮನೇಲಿ ಹೆರು ಹೋಗು.”

ಅಷ್ಟು ಹೇಳಿದ್ದೇ ತಡ, ತಾನು ಆಡಿದ್ದು ತನ್ನ ಕಿವಿಗೇ ಬಿದ್ದ ಹಾಗೆ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ದಾಕ್ಷಿ ಒಳಗೆ ಹೋದಳು. ಬಾಣಂತಿ ಕೋಣೆ ಸಾರಿಸಿ ಸಿದ್ಧವಾಗಿತ್ತು, ಹಂಡೆ ಬೆಳಗಿಟ್ಟಿತ್ತು, ಕುಟ್ಟಿದ ಮದ್ದಿನ ಡಬ್ಬಗಳು ಸಾಲಾಗಿದ್ದವು. ಎಲ್ಲವನ್ನೂ ಕ್ಯಾತಮ್ಮನೇ ಮಾಡಿದ್ದು. ದಾಕ್ಷಿ ತನ್ನ ಬಟ್ಟೆಯ ಚೀಲ ಮಾತ್ರ ತಂದಳು. ಗಂಡನಿಗೆ ಫೋನು ಮಾಡಿ, “ಬಸ್ಸಿಗೆ ಬರ್ತಿದೀನಿ, ಸ್ಟ್ಯಾಂಡಿಗೆ ಬನ್ನಿ” ಎಂದಳು.

ಹನುಮಕ್ಕ ಓಡಿ ಬಂದು ಅಡ್ಡ ನಿಂತಳು. “ಈ ಹೊಟ್ಟೇಲಿ ಎಲ್ಲಿಗೆ ಹೋಗ್ತೀಯೆ ತಾಯಿ? ನಾವೂ ತಪ್ಪು ಮಾಡಿದೀವಿ. ನಮಗೆ ಬೈದು ಒಳಕ್ಕೆ ನಡಿ.”

“ದಾರಿ ಬಿಡು ಅತ್ತೆ.”

“ಕ್ಯಾತಕ್ಕ, ಕರೆಯೇ. ಒಂದು ಮಾತು ಕರೆ.”

ಕ್ಯಾತಮ್ಮ ಕರೆಯಲಿಲ್ಲ. ದಾಕ್ಷಿ ಒಂದು ಕೈಯಲ್ಲಿ ಸೊಂಟ ಹಿಡಿದು, ಇನ್ನೊಂದರಲ್ಲಿ ಚೀಲ ಹಿಡಿದು ಮೆಟ್ಟಿಲು ಇಳಿದಳು. ಹನುಮಕ್ಕ ಚೀಲ ಕಿತ್ತುಕೊಂಡು ಬಸ್ಸಿನವರೆಗೂ ಬೈಯುತ್ತಲೇ ಜೊತೆಗೆ ಹೋದಳು.

ಆಮೇಲೆ ಮರಿಯೂ ಹಾರಿತು. ಅದು ಹೋದ ದಿನ ಜಗಲಿಯಲ್ಲಿ ನೋಡುವವರಿರಲಿಲ್ಲ. ಹುಣಸೆ ಮುಗಿಯುವ ಹೊತ್ತಿಗೆ ಹೆಂಗಸರು ಡಬ್ಬಿಯ ಮೇಲೆಯೇ ತೂಗಿಸಿಕೊಳ್ಳತೊಡಗಿದರು. ಯಾರೂ ತಕರಾರು ಎತ್ತಲಿಲ್ಲ. ನನ್ನನ್ನು ಇಳಿಸು ಎಂದು ಕೇಳುವ ಮುಖ ಅವರಿಗಿರಲಿಲ್ಲ, ಇಳಿಸುವ ಮನಸ್ಸು ಅವಳಿಗಿರಲಿಲ್ಲ. ನನಗೆ ತುಕ್ಕು ಹಿಡಿಯುತ್ತಿದೆ. ಹಿಡಿಯಲಿ. ಸುಳ್ಳಿಗೂ ನಿಜಕ್ಕೂ ಒಂದೇ ರೀತಿ ಬಾಗುವ ನನ್ನಂಥವನಿಂದ ಇಷ್ಟು ದಿನ ಆದದ್ದೇ ಹೆಚ್ಚು. ನಾನು ಭಾರ ಎಷ್ಟು ಎಂದು ಹೇಳಬಲ್ಲೆ, ಏನಿಟ್ಟಿದ್ದಾರೆ ಎಂದು ಹೇಳಲಾರೆ.

ಒಂದು ಮಧ್ಯಾಹ್ನ ಹನುಮಕ್ಕ ಏದುಸಿರು ಬಿಡುತ್ತ ಬಂದಳು.

“ಹೆರಿಗೆ ಆಯ್ತಂತೆ ಕ್ಯಾತಕ್ಕ. ರಂಗಧಾಮ ನನ್ನ ಮಗನಿಗೆ ಫೋನು ಮಾಡಿದ್ದ. ಹೆಣ್ಣು ಕೂಸು. ತಾಯಿ ಮಗು ಇಬ್ರೂ ಚೆನ್ನಾಗವ್ರಂತೆ.”

ಕ್ಯಾತಮ್ಮ ಕಂಬ ಹಿಡಿದು ಎದ್ದಳು. ಸೆರಗು ಸರಿಮಾಡಿಕೊಂಡು ಕೇಳಿದಳು:

“ತೂಕ ಎಷ್ಟಂತೆ?”

“ಅದೆಲ್ಲ ನಂಗೇನು ಗೊತ್ತು? ಹೋಗಿ ನೋಡ್ಕಂಡು ಬಾ. ನಿನ್ನ ಕೈಯಾಗೆ ಎತ್ಕಂಡ್ರೆ ಗೊತ್ತಾಗಲ್ವಾ?”

“ಕರೀಲಿ, ಹೋಗ್ತೀನಿ.”

“ಅವಳು ಕರೆಯಲ್ಲ ಕಣಕ್ಕ.”

“ಹಂಗಾದ್ರೆ ಅವಳೇ ಬರ್ಲಿ. ಕೂಸಿಗೆ ಮೂರು ತಿಂಗಳು ತುಂಬಿದ ಮ್ಯಾಲೆ ಬರ್ಲಿ. ತವರು ಅಂತ ಇರೋದು ಇದೊಂದೇ ಅಲ್ವಾ ಅವಳಿಗೆ? ಬಂದೇ ಬರ್ತಾಳೆ.”

ಮೂರು ತಿಂಗಳು ತುಂಬಿತು. ಹುಣಸೆ ಮರಗಳು ಮತ್ತೆ ಹೂ ಬಿಟ್ಟವು. ಕ್ಯಾತಮ್ಮ ಹಿರಿಯೂರಿನ ಬಸ್ಸಿನ ಹೊತ್ತಿಗೆ ಸರಿಯಾಗಿ ಜಗಲಿಗೆ ಬಂದು ಕೂರುತ್ತಾಳೆ. ಬಸ್ಸು ನಿಲ್ಲುತ್ತದೆ, ಜನ ಇಳಿಯುತ್ತಾರೆ, ಬಸ್ಸು ಹೋಗುತ್ತದೆ.

ದಾಕ್ಷಿ ಬರಲಿಲ್ಲ.